ಹೆಬ್ಬಾತಿನ ಬಾಣಂತನ

ಹೊಗೆಸೊಪ್ಪು ಬೇಯಿಸಿ ಬೇಯಿಸಿ ಹಾರನಹಳ್ಳಿಯ ಶಿವನಂಜಪ್ಪನ ತಲೆಯೂ ಒಂದಿಷ್ಟು ಬೆಂದುಹೋಗಿದೆ ಎಂಬುದು ಅವನ ಹೆಂಡತಿ ಯಶೋದಮ್ಮನ ಖಚಿತ ಅಭಿಪ್ರಾಯವಾಗಿತ್ತು. ಹಸಿ ಸೊಪ್ಪನ್ನು ಶಾಖಕ್ಕಿಟ್ಟು ಬೇಯಿಸುವ ಬ್ಯಾರನ್ ಮನೆಯ ಕಿಟಕಿ ಗಾಜಿಗೆ ಮೂಗು ಒತ್ತಿ ಥರ್ಮಾಮೀಟರ್ ನೋಡಲು ಕಲಿತ ದಿನದಿಂದ, ಲೋಕದ ಶಾಖವೆಲ್ಲ ತನ್ನ ಅಂಕೆಯಲ್ಲಿದೆ ಎಂದು ಅವನು ನಂಬಿದ್ದ. ಸಾರು ಕುದಿಯುವಾಗಲೂ ಒಲೆಯ ಮುಂದೆ ಬಂದು ಹದ ಹೇಳುತ್ತಿದ್ದ. ಕೇಳಿದರೆ ಸಾರು ಕೆಡುತ್ತಿತ್ತು, ಕೇಳದಿದ್ದರೆ ಅವನ ಮುಖ ಕೆಡುತ್ತಿತ್ತು.

ಅಂಥವನು ಒಮ್ಮೆ ಕೊಡಗಿನ ಯಾವುದೋ ಎಸ್ಟೇಟ್ ಬಂಗಲೆಯಲ್ಲಿ ಹೆಬ್ಬಾತುಗಳನ್ನು ಕಂಡು ಬಂದ. ಅವು ಕತ್ತು ನೀಡಿ ಇವನನ್ನು ಗೇಟಿನವರೆಗೂ ಅಟ್ಟಿಸಿಕೊಂಡು ಬಂದಿದ್ದವಂತೆ. ಆ ಗತ್ತು ಅವನಿಗೆ ಹಿಡಿಸಿಬಿಟ್ಟಿತು. ಸ್ವಲ್ಪ ದಿನದಲ್ಲೇ ಒಂದು ಬುಟ್ಟಿ ಮೊಟ್ಟೆ ಬಂತು. ಊರಿಗೆ ಕರೆಂಟು ಇನ್ನೂ ಬಂದಿರಲಿಲ್ಲವಾಗಿ ಮೈಸೂರಿನಿಂದ ಸೀಮೆಎಣ್ಣೆ ದೀಪದ ಇಂಕ್ಯುಬೇಟರ್ ಬಂತು. ಕೋಳಿಯನ್ನೇ ಕಾವಿಗೆ ಕೂರಿಸಬಾರದೇ ಎಂದ ಯಶೋದಮ್ಮನಿಗೆ, ಇಷ್ಟು ದಪ್ಪ ಮೊಟ್ಟೆಯ ಮೇಲೆ ಕೂತರೆ ಕೋಳಿಯೇ ಜಾರಿ ಬೀಳುತ್ತದೆ ಎಂದು ನಕ್ಕ.

ಶಾಖ ಕದಲದ, ಗಾಳಿಯಾಡದ ಜಾಗ ಬೇಕಿತ್ತು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ, ಬಚ್ಚಲಿಗೆ ಅಂಟಿಕೊಂಡ ಬಾಣಂತಿ ಕೋಣೆ. ಮಗಳು ಚೆನ್ನಾಜಿ ಚೊಚ್ಚಲ ಹೆರಿಗೆಗೆ ಬರುವವಳೆಂದು ಯಶೋದಮ್ಮ ಅದನ್ನು ಸಾರಿಸಿ ಮಂಚ ಹಾಕಿಸಿದ್ದಳು. ಅವಳು ಸಂತೆಯಿಂದ ಬರುವಷ್ಟರಲ್ಲಿ ಮಂಚ ಅಂಗಳದಲ್ಲಿತ್ತು, ಯಂತ್ರ ಕೋಣೆಯಲ್ಲಿತ್ತು.

"ಮರಿ ಆದ್ಮೇಲೆ ಮಗಳ್ನ ಕರ್ಕಂಬಂದ್ರಾಯ್ತು ಕಣೆ. ಅವಳೇನ್ ಕಾಡಲ್ಲವ್ಳಾ?" ಎಂದ ಶಿವನಂಜಪ್ಪ.

ಯಶೋದಮ್ಮನ ಹೊಟ್ಟೆ ಉರಿಯಿತು. ತವರಿಗೆ ಬಂದು ಹೆರಬೇಕಾದ ಮಗಳಿಗಿಂತ ಯಾವುದೋ ಹಕ್ಕಿ ಇಟ್ಟ ಮೊಟ್ಟೆ ಹೆಚ್ಚಾಯಿತೇ? ಆದರೆ ಜಗಳವಾಡಲಿಲ್ಲ. ಮಾರನೆಯ ದಿನ ತಾನೇ ಗಾಡಿ ಕಟ್ಟಿಸಿಕೊಂಡು ಅಳಿಯನ ಊರು ಕಟ್ಟೆಮಳಲವಾಡಿಗೆ ಹೋಗಿ ಮಗಳನ್ನು ಕರೆತಂದಳು. ಯಂತ್ರವನ್ನು ಅಲುಗಿಸಬಾರದು ಎಂದು ಗಂಡ ಬಾಗಿಲಿಗೆ ಅಡ್ಡ ನಿಂತಾಗ, ಅಲುಗಿಸುವುದಿಲ್ಲ ಬಿಡಿ ಎಂದು ಅದರ ಪಕ್ಕಕ್ಕೇ ಮಂಚ ಹಾಕಿಸಿದಳು.

ಮೊಟ್ಟೆಗಳಿಗಿಂತ ಮೊದಲು ಚೆನ್ನಾಜಿ ಹೆತ್ತಳು, ಹೆಣ್ಣು ಮಗು. ಬಾಣಂತಿಗೆ ನೀರು ಹಾಕಲು ರಾಮಮ್ಮ ಬಂದಳು. ಅವಳು ಹಂಡೆಗಟ್ಟಲೆ ಸುಡುನೀರು ಸುರಿದರೆ ಬಚ್ಚಲಿನ ಹಬೆ ಕೋಣೆಗೆಲ್ಲ ತುಂಬಿ ಗೋಡೆ ಬೆವರುತ್ತಿತ್ತು. ಶಿವನಂಜಪ್ಪ ಕಂಗಾಲಾದ. ಬ್ಯಾರನ್ನಿನಲ್ಲಿ ತೇವ ನಿಂತರೆ ಸೊಪ್ಪು ಕೊಳೆಯುತ್ತದೆ, ಹಾಗೇ ಮೊಟ್ಟೆಯೂ ಕೊಳೆಯುತ್ತದೆ ಎಂಬುದು ಅವನ ಶಾಸ್ತ್ರ. ಬಾಣಂತಿಗೆ ಕೊಟ್ಟಿಗೆಯಲ್ಲಿ ನೀರು ಹಾಕಿ ಎಂದ. ಯಶೋದಮ್ಮ ಒಳಗಿನಿಂದ ಚಿಲಕ ಹಾಕಿಕೊಂಡಳು.

ಮೊಟ್ಟೆ ಕೊಳೆಯಲಿಲ್ಲ. ಒಂದೊಂದಾಗಿ ಒಡೆದು ಹಳದಿ ಮರಿಗಳು ಹೊರಬಂದವು. ಶಿವನಂಜಪ್ಪ ಪಿರಿಯಾಪಟ್ಟಣದವರೆಗೂ ಹೋಗಿ ತನ್ನ ಬ್ಯಾರನ್ ಹದವನ್ನು ಕೊಂಡಾಡಿಕೊಂಡು ಬಂದ. ನೆಂಟರು ಬಂದರೆ ಮೊದಲು ಮರಿಗಳ ಹತ್ತಿರ ಕರೆದೊಯ್ಯುತ್ತಿದ್ದ. ಮೊಮ್ಮಗಳೆಲ್ಲಿ ಎಂದು ಕೇಳಿದರೆ, ಅದೂ ಒಳಗಿದೆ ಎನ್ನುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹತ್ತಿರ ವಾದ ಮಾಡುವವರು ಯಾರು?

ಮರುವರ್ಷ ಚೆನ್ನಾಜಿ ಗಂಡನ ಮನೆಯಲ್ಲಿದ್ದಳು, ಕೋಣೆ ಖಾಲಿಯಿತ್ತು. ಶಿವನಂಜಪ್ಪ ಮಂಚವನ್ನು ಮತ್ತೆ ಅಂಗಳಕ್ಕೆ ಹಾಕಿದ. ಯಂತ್ರದ ತುಂಬ ಮೊಟ್ಟೆ ಜೋಡಿಸಿ, ಬಚ್ಚಲ ಬಾಗಿಲ ಸಂದಿಗೆ ಗೋಣಿ ತುರುಕಿ, ಚೂರೂ ತೇವ ಬಾರದ ಹಾಗೆ ಮಾಡಿದ. ಹೊತ್ತುಹೊತ್ತಿಗೆ ಮೊಟ್ಟೆ ಹೊರಳಿಸಿದ. ಅರ್ಧ ಕಾಲ ಕಳೆದ ಮೇಲೆ ಯಾಕೋ ಅನುಮಾನ ಬಂದು ಒಂದನ್ನು ಒಡೆದು ನೋಡಿದರೆ, ಒಳಗಿನ ಪೊರೆ ಬೆಂದ ಹೊಗೆಸೊಪ್ಪಿನ ಹಾಗೆ ಒಣಗುತ್ತಿತ್ತು. ಅಂದು ಅವನಿಗೆ ಊಟ ಸೇರಲಿಲ್ಲ. ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಹೋದ ವರ್ಷ ಇದ್ದು ಈ ವರ್ಷ ಇಲ್ಲದ್ದು ಏನೆಂದು ಯೋಚಿಸಿದ. ಹೊಳೆದಾಗ ಮುಖ ಅರಳಿತು.

"ಚೆನ್ನಾಜಿನ ಕರ್ಸಾನ ಕಣೆ. ಬಚ್ಚಲಲ್ಲಿ ನೀರು ಉಯ್ಕಂಡು ಒಂದಷ್ಟು ದಿನ ಇದ್ದೋಗ್ಲಿ."

ಯಶೋದಮ್ಮ ಮುದ್ದೆ ಕೋಲು ಕೆಳಗಿಟ್ಟಳು.

"ಮಗ್ಳಿಗೆ ಕೋಣೆ ಬೇಕಾದಾಗ ಮೊಟ್ಟೆ ಎಚ್ಚು ಅಂದ್ರಿ. ಈಗ ಮೊಟ್ಟೆಗೆ ಮಗ್ಳು ಬೇಕಾ? ಅವ್ಳು ಬರಾಕಿಲ್ಲ ಕಣ್ರೀ. ಅಂಡೆ ನೀರ್ ಕಾಯ್ಸ್ತೀನಿ, ನೀವೇ ಬಾಣಂತಿಯಾಗಿ."

ತೇವಕ್ಕೆ ಯಂತ್ರದೊಳಗೆ ಒಂದು ಬಟ್ಟಲು ನೀರಿಟ್ಟಿದ್ದರೂ ಕೆಲಸ ಆಗುತ್ತಿತ್ತು. ಅದು ಯಶೋದಮ್ಮನಿಗೆ ಹೊಳೆದಿರಲಿಲ್ಲ ಎನ್ನುವವರು ಯಶೋದಮ್ಮನನ್ನು ಕಂಡವರಲ್ಲ.

ಶಿವನಂಜಪ್ಪ ಬಾಗಿಲ ಸಂದಿಯ ಗೋಣಿ ಕಿತ್ತು ತಾನೇ ಬಚ್ಚಲಲ್ಲಿ ಕೂತ. ರಾಮಮ್ಮ ಬಂದು ಒಲೆಗೆ ಸೌದೆ ಒಟ್ಟಿದಳು, ಯಶೋದಮ್ಮ ಚೊಂಬು ಹಿಡಿದಳು. ಬಾಣಂತಿಗೆ ಹಾಕುವ ಬಿಸಿಯಲ್ಲೇ ನೀರು ಬಿತ್ತು. ಶಿವನಂಜಪ್ಪ ಕೂಗಿಕೊಂಡರೆ, ಹದ ತಪ್ಪಿದರೆ ಮರಿಗೆ ಆಗಿಬರುವುದಿಲ್ಲ ಎಂದು ಇನ್ನೊಂದು ಚೊಂಬು. ಆಮೇಲೆ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಮೈಗೆ ಕಂಬಳಿ, ಊಟಕ್ಕೆ ಮೆಣಸಿನ ಸಾರು. ದಿನವೂ ಸ್ನಾನ ನಡೆಯಿತು. ದಿನವೂ ರಾಮಮ್ಮನ ಬಾಯಿಂದ ಸುದ್ದಿ ಊರು ಸುತ್ತಿತು.

ಮರಿಗಳೇನೋ ಚೆನ್ನಾಗಿಯೇ ಆದವು. ಹೊರಬಂದ ಕೂಡಲೇ ಅವುಗಳಿಗೆ ಕಂಡವನು ತಲೆಗೆ ಬಟ್ಟೆ ಕಟ್ಟಿದ ಶಿವನಂಜಪ್ಪ. ಅವನೇ ತಾಯಿಯೆಂದು ಬೆನ್ನು ಹತ್ತಿದವು, ಅಂಗಡಿ ಬೀದಿಗೆ ಹೋದರೂ ಬಿಡಲಿಲ್ಲ. ಅಲ್ಲಿ ಅವನು ಬ್ಯಾರನ್ ಹದದ ಮಾತೆತ್ತಿದಾಗ, ಜಗಲಿಯ ಮೇಲಿದ್ದ ಮುದುಕ ನಿಂಗಯ್ಯ ಬೀಡಿ ಪಕ್ಕಕ್ಕಿಟ್ಟು ಬಹಳ ಕಾಳಜಿಯಿಂದ ಕೇಳಿದ:

"ಮೈ ಉಸಾರಾಗದಾ ಶಿವನಂಜಪ್ಪ? ಮಕ್ಳಿಗೆ ಆಲು ಸಾಕಾಯ್ತದಾ?"

ಶಿವನಂಜಪ್ಪ ಮನೆಗೆ ಬಂದವನೇ ಯಂತ್ರವನ್ನು ಅಟ್ಟಕ್ಕೆ ಹಾಕಿದ. ಅಂಗಳದಲ್ಲಿದ್ದ ಮಂಚವನ್ನು ತಾನೇ ಹೊತ್ತು ಬಾಣಂತಿ ಕೋಣೆಗೆ ತಂದ. ಮರಿಗಳು ಸಾಲಾಗಿ ಹಿಂದೆ ಬಂದವು. ಚೆನ್ನಾಜಿ ಯಾವಾಗ ಬಂದರೂ ಇರಲಿ ಎಂದು, ಯಾರೂ ಕೇಳದಿದ್ದರೂ, ಗೋಡೆಗೆ ಹೇಳಿದ. ಆ ಸಂಜೆ ಅವನು ಒಲೆಯ ಮುಂದೆ ಬಂದು ಹದ ಹೇಳಲಿಲ್ಲ. ಸಾರು ಬಹಳ ಚೆನ್ನಾಗಿತ್ತು.