ಅರ್ಧ ಪರ್ಸೆಂಟಿನ ಬ್ರೋಕರ್

ಫ್ಯಾನ್ ಕಾರ್ಖಾನೆಯ ತಪಾಸಣೆಗಾರನಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ತಯಾರಾಗಿ ಬಂದ ಫ್ಯಾನುಗಳಲ್ಲಿ ಹುಳುಕು ಹುಡುಕಿಯೇ ಸಂಬಳ ಪಡೆದವನು. ಕಣ್ಣಿಗೆ ಬಿದ್ದ ದೋಷವನ್ನು ನುಂಗಿಕೊಂಡರೆ ಅವನಿಗೆ ಅಜೀರ್ಣವಾಗುತ್ತಿತ್ತು.

ಈಗ ಮನೆ ಮಾರಬೇಕಿತ್ತು. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿ; ಹೆಂಡತಿಯ ಮಂಡಿ ಕೈಕೊಟ್ಟಿತ್ತು. ತರಕಾರಿಗೆಂದು ಇಳಿದವಳು ಹತ್ತುವಾಗ ಪ್ರತಿ ತಿರುವಿನಲ್ಲೂ ಕೂತು ಬರುತ್ತಿದ್ದಳು. ಎರಡು ಬೀದಿಯಾಚೆ ನೆಲಮಹಡಿಯ ಮನೆಯೊಂದನ್ನು ಇಬ್ಬರೂ ಮೆಚ್ಚಿದ್ದರು. ಇದು ಮಾರಿದರೆ ಅದಕ್ಕೆ ಮುಂಗಡ. “ಮೊದಲು ಯಾರು ಅಡ್ವಾನ್ಸ್ ಕೊಡ್ತಾರೋ ಅವರಿಗೆ” ಎಂದು ಅದರ ಯಜಮಾನ ಕಡ್ಡಿ ಮುರಿದಂತೆ ಹೇಳಿದ್ದ.

ಮೊದಲು ಬಂದ ಬ್ರೋಕರಮ್ಮ ಎರಡು ಪರ್ಸೆಂಟ್ ಕೇಳಿದಳು. ಗೋಡೆ, ನಲ್ಲಿ, ಬಾತ್‌ರೂಮು ಎಲ್ಲ ನೋಡಿ, ಕೊನೆಗೆ ಅವನನ್ನೂ ಮೇಲಿಂದ ಕೆಳಗೆ ನೋಡಿದಳು.

“ಪೇಂಟು, ಪ್ಲಂಬರು, ಜನ ಕರ್ಕೊಂಡು ಬರೋದು, ಚೌಕಾಸಿ, ರಿಜಿಸ್ಟ್ರೇಷನ್, ಎಲ್ಲ ನನ್ನ ತಲೆಗೆ. ಒಂದೇ ಮಾತು ಸಾರ್, ನಾನು ಮನೆ ತೋರಿಸೋವಾಗ ನೀವು ಇಲ್ಲಿರಬಾರ್ದು.”

ಅವಳು ಇನ್ನೂ ಮೆಟ್ಟಿಲಿಳಿಯುತ್ತಿದ್ದಳು, ಇವನು ಕುದಿಯತೊಡಗಿದ. “ನನ್ನ ಮನೇಲಿ ನಾನೇ ಇರಬಾರ್ದಂತೆ ಕಣೇ! ಅದಕ್ಕೆ ಎರಡು ಪರ್ಸೆಂಟ್ ಬೇರೆ!”

“ಒಂದೇ ನೋಟಕ್ಕೆ ನಿಮ್ಮನ್ನ ಅಳೆದುಬಿಟ್ಟಳು. ಬುದ್ಧಿವಂತೆ. ಅವಳಿಗೇ ಕೊಡ್ರೀ,” ಎಂದಳು ಹೆಂಡತಿ.

ಅವನು ಕೆಲಸ ಕೊಟ್ಟಿದ್ದು ಅರ್ಧ ಪರ್ಸೆಂಟ್ ಕೇಳಿದ ಇನ್ನೊಬ್ಬ ಬ್ರೋಕರಿಗೆ. ಆ ಮಹಾಶಯ ಮೆಟ್ಟಿಲು ಕೂಡ ಹತ್ತಲಿಲ್ಲ. “ನಾಲ್ಕು ಫೋಟೊ ಕಳ್ಸಿ ಸಾರ್, ನೆಟ್ಟಲ್ಲಿ ಹಾಕ್ತೀನಿ. ಬಂದೋರಿಗೆ ನೀವೇ ತೋರಿಸ್ಕೊಳ್ಳಿ,” ಎಂದ ಫೋನಿನಲ್ಲಿ.

“ನೋಡು, ಎಷ್ಟು ಮರ್ಯಾದಸ್ಥ!” ಎಂದ ತಪಾಸಣೆಗಾರ.

ಭಾನುವಾರ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗಿ ನೇರ ಬಾಲ್ಕನಿಗೆ ಹೋದಳು. “ರೀ, ಇಲ್ಲಿ ಎರಡು ಕುರ್ಚಿ ಆರಾಮಾಗಿ ಹಿಡಿಯುತ್ತೆ!” ಅಡುಗೆಮನೆಯಲ್ಲಿದ್ದ ಹೆಂಡತಿಯ ಮುಖ ಅರಳಿತು.

“ಸಂಜೆ ಕೂರಕ್ಕಾಗಲ್ಲಮ್ಮ,” ಎಂದ ತಪಾಸಣೆಗಾರ. “ಪಕ್ಕದ ಬೇಕರಿ ಹೊಗೆ ಸೀದಾ ಇಲ್ಲಿಗೇ.”

ಒಳಗಿನಿಂದ ಹೆಂಡತಿ ಜೋರಾಗಿ ಕೆಮ್ಮಿದಳು.

“ಕೇಳಿಸ್ತಲ್ಲ? ಅದೇ ಹೊಗೆ.”

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಬೆರಳ ಗೆಣ್ಣಿನಿಂದ ಗೋಡೆ ಬಡಿದು ಎಲ್ಲೆಲ್ಲಿ ಟೊಳ್ಳೆಂದು ತೋರಿಸಿದ. ಕಿಟಕಿಯ ಸಂದಿಗೆ ತನ್ನದೇ ಬಾಚಣಿಗೆ ತೂರಿಸಿದ. “ಫ್ಲಶ್ ಎರಡು ಸಲ ಒತ್ತಬೇಕು. ಅದಕ್ಕೂ ಬಗ್ಗದಿದ್ರೆ ಬಕೆಟ್ಟೇ ಗತಿ.”

ಹುಡುಗ ನಕ್ಕುಬಿಟ್ಟ. “ಇಷ್ಟು ನಿಜ ಹೇಳೋರನ್ನ ನಾನು ನೋಡೇ ಇಲ್ಲ ಸಾರ್. ಅಂಥ ನೀವೇ ಒಪ್ಪೋ ಮನೆ ಯಾವುದಾದ್ರೂ ಇದ್ಯಾ?”

ಇಂಥ ಪ್ರಶ್ನೆಯನ್ನು ಅವನಿಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಎದೆ ಉಬ್ಬಿತು. “ಎರಡು ಬೀದಿಯಾಚೆ ಒಂದಿದೆ, ನೆಲಮಹಡಿ. ಅದ್ರಲ್ಲಿ ಒಂದು ಹುಳುಕು ತೋರಿಸಿ, ಕಿವಿ ಕೊಯ್ಕೊಡ್ತೀನಿ! ಗೋಡೆ ಅಂದ್ರೆ ಗೋಡೆ. ರೇಟೂ ಇದರಷ್ಟೇ.” ಬೀದಿ, ತಿರುವು, ಗೇಟಿನ ಬಣ್ಣ ಸಮೇತ ಹೇಳಿದ. ಕೆಮ್ಮಿ ಕೆಮ್ಮಿ ಸುಸ್ತಾದ ಹೆಂಡತಿ ಸ್ಟೂಲಿನ ಮೇಲೆ ಕೂತಳು.

ಮಾರನೇ ದಿನ ಒಂದು ವಾರ ತಡೆಯಲು ಕೇಳೋಣವೆಂದು ನೆಲಮಹಡಿಯ ಯಜಮಾನನಿಗೆ ಫೋನ್ ಮಾಡಿದ. ಸ್ಪೀಕರ್ ಆನ್ ಇತ್ತು.

“ಆಗ್ಹೋಯ್ತಲ್ಲ ಸಾರ್! ಹೊಸ ಜೋಡಿ, ನೀವೇ ಕಳಿಸಿದ್ದು ಅಂದ್ರು. ಬೆಳಗ್ಗೇನೇ ಅಡ್ವಾನ್ಸ್ ಕೊಟ್ರು. ಬ್ರೋಕರ್ ಖರ್ಚೂ ಉಳೀತು, ತುಂಬಾ ಥ್ಯಾಂಕ್ಸ್ ಸಾರ್.”

ಹೆಂಡತಿ ಚೀಲ ತೆಗೆದುಕೊಂಡು ತರಕಾರಿಗೆ ಇಳಿದಳು.

ಉಳಿಸಲು ಹೊರಟದ್ದು ಒಂದೂವರೆ ಪರ್ಸೆಂಟ್; ಹೋದದ್ದು ಕೊಳ್ಳುವವರ ಜೋಡಿ ಒಂದು, ನೆಲಮಹಡಿಯ ಮನೆ ಒಂದು.