ನಾಳೆ ಹಾಕುವ ಜಡೆ

ಒಂದಾನೊಂದು ಊರಿನಲ್ಲಿ ಒಬ್ಬ ತಾಯಿಯಿದ್ದಳು. ಅವಳಿಗೆ ಇಬ್ಬರು ಗಂಡುಮಕ್ಕಳೆಂದು ಊರು ಎಣಿಸಿತ್ತು. ಒಬ್ಬ ಮಗ, ಒಬ್ಬಳು ಮಗಳೆಂದು ಅವಳು ಮಾತ್ರ ಬಾಯಿಬಿಡದೆ ಎಣಿಸಿಕೊಂಡಿದ್ದಳು. ಕತೆಯ ತಾಯಿಯಾಗಿದ್ದರೆ ಕಷ್ಟಕಾಲಕ್ಕೆ ಮಾತಾಡುವ ಗಿಳಿಯಾದರೂ ಒಂದು ಸಿಗುತ್ತಿತ್ತು. ಶ್ರೀರಾಂಪುರದ ಸಿದ್ದಲಿಂಗಮ್ಮನ ಕೈಯಲ್ಲಿ ಇದ್ದದ್ದು ಒಂದು ಬಾಚಣಿಗೆ. ಅದನ್ನು ಹಿಡಿದುಕೊಂಡೇ ಅವಳು ಹಿತ್ತಲ ಬಚ್ಚಲಿನ ಬಾಗಿಲನ್ನು ದಬದಬ ಬಡಿಯುತ್ತಿದ್ದಳು.

“ಶಿವು, ಬಾಗ್ಲು ತೆಗೆಯೋ! ಹೆಣ್ಮಗಳಿಗೆ ಗಂಡಸ್ರು ನೀರು ಹಾಕ್ತಾರೇನೋ? ಬುಡೋ ನನ್ನ ಒಳಕ್ಕೆ!”

ಒಳಗೆ ನೀರು ಸುರಿಯುವ ಸದ್ದು. ಹಿರಿಮಗ ಶಿವಕುಮಾರ ಚೊಂಬಿನ ಮೇಲೆ ಚೊಂಬು ಹೊಯ್ಯುತ್ತಲೇ ಇದ್ದ.

ಬಾಗಿಲು ತೆರೆಯುವ ಹೊತ್ತಿಗೆ ಮಗಳು ಗಾರ್ಗಿಯ ಶವವನ್ನು ಕುರ್ಚಿಯಲ್ಲಿ ಕೂರಿಸಿ ಆಗಿತ್ತು. ಬಿಳಿ ಪಂಚೆ, ಬಿಳಿ ಅಂಗಿ, ಎದೆ ಮುಚ್ಚುವಂತೆ ಶಾಲು. ಸೊಂಟ ಮುಟ್ಟುತ್ತಿದ್ದ ಕೂದಲನ್ನು ಸುರುಳಿ ಸುತ್ತಿ, ಅಪ್ಪನ ಮದುವೆಯ ಜರಿ ರುಮಾಲಿನೊಳಗೆ ತುರುಕಿದ್ದರು. ಕಿವಿಯ ತೂತುಗಳಿಗೂ ವಿಭೂತಿ ಮೆತ್ತಿದ್ದರು.

“ನಿನ್ನೆ ಏನಂದಿದ್ದೆ ನೀನು?”

“ಜನ ಬಂದ್ಬುಟ್ಟವ್ರೆ ಅವ್ವ. ಈಗ ಬ್ಯಾಡ,” ಎಂದು ಶಿವಕುಮಾರ ಒದ್ದೆ ಕೈಗಳನ್ನು ಪಂಚೆಗೆ ಒರೆಸಿಕೊಂಡ.

*

ಡೆಂಗಿ ಜ್ವರ ಗಾರ್ಗಿಯನ್ನು ಕೊಂಡೊಯ್ದದ್ದು ನಿನ್ನೆ ಬೆಳಿಗ್ಗೆ. ಲಷ್ಕರ್ ಮೊಹಲ್ಲಾದ ಮಹಡಿಯಲ್ಲಿ ಅವಳ ಜೊತೆ ಬ್ಯೂಟಿ ಪಾರ್ಲರ್ ನಡೆಸುತ್ತ ಅಲ್ಲೇ ಬಾಳುತ್ತಿದ್ದ ತೇಜಸ್ವಿನಿ, ಸಂಜೆಯಾದರೂ ಶವಾಗಾರದ ಬಾಗಿಲು ಬಿಟ್ಟು ಕದಲಿರಲಿಲ್ಲ.

“ನಿಮ್ಮನೇಗೆ ಕೊಟ್ರೆ ಇವಳನ್ನ ಮತ್ತೆ ನಿರಂಜನ್ ಮಾಡ್ಬುಡ್ತೀರ. ಕೊಡಲ್ಲ.”

ಶಿವಕುಮಾರ ಅಂಗಿಯೊಳಗೆ ಕೈಹಾಕಿ ಕೊರಳಿನ ಇಷ್ಟಲಿಂಗ ಮುಟ್ಟಿಕೊಂಡ. “ಇದರಾಣೆ. ಅವಳು ಹೆಂಗಿದ್ಲೋ ಹಂಗೇ ಹೋಗ್ತಾಳೆ.”

ತೇಜಸ್ವಿನಿ ಅವನನ್ನು ನಂಬಲಿಲ್ಲ. ಸಿದ್ದಲಿಂಗಮ್ಮನ ಕಡೆ ತಿರುಗಿದಳು. “ನೀವ್ ಹೇಳಿ ಅಮ್ಮ.”

“ನನ್ನ ಮಗಳಾಗೇ ಹೋಗ್ತಾಳೆ ಕಣಮ್ಮ. ಮೊಗ್ಗಿನ ಜಡೆ ನಾನೇ ಹಾಕಿ ಕಳಿಸ್ತೀನಿ.”

ಆಗಷ್ಟೇ ತೇಜಸ್ವಿನಿ ದಾರಿ ಬಿಟ್ಟಿದ್ದು.

*

ಗೇಟಿನ ಎದುರು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ‘ಭಾವಪೂರ್ಣ ಶ್ರದ್ಧಾಂಜಲಿ, ಶ್ರೀ ನಿರಂಜನ್.’ ಕಾಲೇಜು ದಿನಗಳ ಮುಖ. ಶಾಮಿಯಾನದ ಕೆಳಗೆ ಕುರ್ಚಿ ಎಳೆದುಕೊಂಡ ಗಂಡಸರು ಅದನ್ನೇ ನೋಡುತ್ತಿದ್ದರು. ಗೊತ್ತಿದ್ದವರೂ ಗೊತ್ತಿಲ್ಲದವರ ಮುಖ ಹೊತ್ತು ಕುಳಿತಿದ್ದರು.

“ಫೋಟೊ ಚೆನ್ನಾಗಿ ಬಂದದೆ ಕಣೋ ಚೆಲುವ.”

“ಹಳೇದು ಅಣ್ಣ. ಮೀಸೆ ಒಸಿ ದಪ್ಪ ಮಾಡು ಅಂದಿದ್ರು ಶಿವಕುಮಾರಣ್ಣ,” ಎಂದ ಫ್ಲೆಕ್ಸ್ ಅಂಗಡಿಯ ಚೆಲುವರಾಜು. “ನಿನ್ನೆ ಮಧ್ಯಾಹ್ನವೇ ವಾಟ್ಸಾಪ್ ಮಾಡಿದ್ರು.”

ಸಿದ್ದಲಿಂಗಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಮಧ್ಯಾಹ್ನ ಮೀಸೆ, ಸಂಜೆ ಲಿಂಗದಾಣೆ.

ಮಗನನ್ನು ಅಡುಗೆಮನೆಗೆ ಕರೆದಳು. “ಆಣೆ ಇಡೋಕ್ ಮುಂಚೇನೇ ಮೀಸೆ ಬರ್ಸಿದ್ಯಲ್ಲೋ. ನನ್ನ ಬಾಯಲ್ಲೂ ಸುಳ್ಳು ಹೇಳಿಸ್ಬುಟ್ಯಲ್ಲೋ.”

“ಆಣೆ ಇಡ್ದೆ ಇದ್ದಿದ್ರೆ ಆವಮ್ಮ ಕೊಡ್ತಿದ್ಲಾ? ಅಪ್ಪನ ಪಕ್ಕ ಮಣ್ಣು ಸಿಗೋದು ಬ್ಯಾಡ್ವಾ ಇವನಿಗೆ?” ಅವನ ಕಣ್ಣು ಕೆಂಪಗಿದ್ದವು. “ನನ್ ಕೈಯಾರೆ ಸ್ನಾನ ಮಾಡ್ಸಿದೀನಿ ಅವ್ವ. ಚಿಕ್ಕವನಿದ್ದಾಗ ಮಾಡಿಸ್ತಿದ್ದಂಗೆ.”

“ನೀನು ಮಾಡಿಸಿದ್ದು ನಿನ್ ತಮ್ಮನಿಗೆ. ನನ್ ಮಗಳು ಇನ್ನೂ ಅಂಗೇ ಕೂತವಳೆ.”

ಗೇಟಿನಾಚೆ, ದಪ್ಪ ಮೀಸೆಯ ನೆರಳಿನಲ್ಲಿ, ಬಾಳೆಎಲೆಯ ಪೊಟ್ಟಣ ಹಿಡಿದು ತೇಜಸ್ವಿನಿ ನಿಂತಿದ್ದಳು. ಅವಳನ್ನು ಯಾರೂ ಒಳಗೆ ಕರೆದಿರಲಿಲ್ಲ. ಸಿದ್ದಲಿಂಗಮ್ಮ ಹತ್ತಿರ ಹೋದಾಗ ಅವಳು ಕೂಗಾಡಲಿಲ್ಲ.

“ನಿಮ್ಮ ಮಾತು ನಂಬಿ ಕೊಟ್ಟೆ ಅಮ್ಮ,” ಎಂದಳು, ಅಷ್ಟೇ.

*

ಮಕ್ಕಳು ಚಿಕ್ಕವರಿದ್ದಾಗ ಅಗ್ರಹಾರದಲ್ಲಿ ಮನೆ. ಬೇಸಿಗೆ ರಜೆಗೆ ಬಂದ ಅಣ್ಣನ ಮಗಳು ವಾಣಿಗೆ ಸಿದ್ದಲಿಂಗಮ್ಮ ಮೊಗ್ಗಿನ ಜಡೆ ಹಾಕಿದ್ದಳು. ಸ್ಟುಡಿಯೋದವನು ಹುಡುಗಿಯ ಬೆನ್ನಿಗೆ ಕನ್ನಡಿಯಿಟ್ಟು, ಮುಖವೂ ಜಡೆಯೂ ಒಟ್ಟಿಗೆ ಕಾಣುವಂತೆ ಫೋಟೊ ಹಿಡಿದ. ಪುಟ್ಟ ನಿರಂಜನ ತಲೆಗೊಂದು ಟವೆಲು ಇಳಿಬಿಟ್ಟುಕೊಂಡು ಕನ್ನಡಿಯ ಮುಂದೆ ನಿಂತ. “ನಂಗೂ ಹಾಕವ್ವ.”

“ನಾಳೆ ಹಾಕ್ತೀನಿ, ಬಾ.”

ಮರುದಿನ ಅವನಪ್ಪ ಅವನನ್ನು ಕ್ಷೌರದಂಗಡಿಗೆ ಕರೆದುಕೊಂಡು ಹೋದ.

ಆ ಮಗು ಬೆಳೆದು ಗಾರ್ಗಿಯಾಗಿ, ಮೈಸೂರಿನ ಎಷ್ಟೋ ಮದುವಣಗಿತ್ತಿಯರಿಗೆ ಜಡೆ ಕಟ್ಟಿತು. ಶಿವಕುಮಾರ ಕೆಲಸಕ್ಕೆ ಹೋದ ಮೇಲೆ, ದೇವಸ್ಥಾನವೆಂದು ಹೇಳಿ ಸಿದ್ದಲಿಂಗಮ್ಮ ಪಾರ್ಲರಿನ ಮೆಟ್ಟಿಲು ಹತ್ತುತ್ತಿದ್ದಳು. ಒಮ್ಮೆ ಮದುಮಗಳ ಜೊತೆ ಬಂದ ಹೆಂಗಸು ತಡೆಯಲಾರದೆ ಕೇಳಿದ್ದಳು: “ನೀವು ಲಿಂಗ ಬದಲಾವಣೆ ಮಾಡಿಸ್ಕೊಂಡಿದ್ದೀರಂತಲ್ಲ?”

“ಪೇಪರ್ನೋರು ಅಂಗಂತಾರೆ. ಡಾಕ್ಟ್ರು ಪರಿವರ್ತನೆ ಅಂತಾರೆ.” ಗಾರ್ಗಿ ಸೂಜಿಗೆ ಮೊಗ್ಗು ಪೋಣಿಸುತ್ತಲೇ ನಕ್ಕಿದ್ದಳು. “ನಿಮ್ಮ ಹುಡುಗಿ ಕೂದ್ಲು ಬೆಳಿಗ್ಗೆ ಸಿಕ್ಕುಸಿಕ್ಕಾಗಿತ್ತು. ಈಗ ಜಡೆ ಆಯ್ತು. ಕೂದ್ಲು ಬದಲಾಯ್ತಾ?”

“ಇಲ್ಲ.”

“ನಂದೂ ಅಷ್ಟೇ ಕಣ್ರೀ. ಸಿಕ್ಕು ಬಿಡಿಸ್ಕೊಂಡೆ. ಆಪರೇಷನ್ ನೋವು ಮರ್ತೋಯ್ತು, ಈ ಪದಗಳು ಮಾತ್ರ ಇನ್ನೂ ಚುಚ್ತವೆ.”

ಅವರು ಹೋದ ಮೇಲೆ ಸಿದ್ದಲಿಂಗಮ್ಮ ಕೇಳಿದಳು: “ಊರಿಗೆಲ್ಲ ಹಾಕ್ತೀಯ. ನಿಂಗ್ಯಾರೇ ಹಾಕೋರು?”

“ನೀನು ನಾಳೆ ಅಂದಿದ್ಯಲ್ಲವ್ವ. ಕಾಯ್ತಾ ಇದೀನಿ.”

ಸಿದ್ದಲಿಂಗಮ್ಮ ಗಡಿಯಾರ ನೋಡಿದ್ದಳು. ಶಿವು ಮನೆಗೆ ಬರುವ ಹೊತ್ತು. “ಹಬ್ಬ ಕಳೀಲಿ ಮಗಾ,” ಎಂದು ಚಪ್ಪಲಿ ಮೆಟ್ಟಿದ್ದಳು.

*

ರುದ್ರಭೂಮಿಯಲ್ಲಿ ಅಪ್ಪನ ಸಮಾಧಿಯ ಪಕ್ಕದ ಗುಣಿಯೊಳಗೆ ಗಾರ್ಗಿಯನ್ನು ಕೂರಿಸಿದರು. ಮಠದ ಚನ್ನಬಸವಯ್ಯನವರು ಅವಳ ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಮೇಲೆ ಬಂದರು.

“ಶಿವಕುಮಾರ, ರುಮಾಲು ತೆಗಿಯಪ್ಪ. ನೆತ್ತಿ ಮೇಲೆ ವಿಭೂತಿ ಬೀಳ್ಬೇಕು.”

ಮೀಸೆ ನೆನಪಿಟ್ಟವನಿಗೆ ಇದು ಮರೆತಿತ್ತು.

“ಇರ್ಲಿ ಬುಡಿ ಅಯ್ನೋರೆ. ಮೇಲಿಂದಾನೇ ಹಾಕಿ.”

“ಅದೆಂಗಾಗ್ತದೆ? ನಿಮ್ಮಪ್ಪಂದು ನೀನೇ ತೆಗೀಲಿಲ್ವಾ?”

ಸಿದ್ದಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಣಿಯ ಅಂಚಿಗೆ ಬಂದಳು. “ಯಾರಾದ್ರೂ ಕೈ ಕೊಡ್ರಪ್ಪ.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಒಂದು ಬಳೆಗೈ ಮುಂದೆ ಬಂತು, ತೇಜಸ್ವಿನಿಯದು.

ಸಿದ್ದಲಿಂಗಮ್ಮ ಕೆಳಗಿಳಿದು ರುಮಾಲಿನ ಸುತ್ತುಗಳನ್ನು ಬಿಚ್ಚಿದಳು. ಬೆಳಗಿನ ಸ್ನಾನದ ತೇವ ಇನ್ನೂ ಆರದ ಕೂದಲು ದಡಕ್ಕನೆ ಇಳಿದು ಬಿಳಿ ಅಂಗಿಯನ್ನೆಲ್ಲ ಮುಚ್ಚಿತು.

“ಅಯ್ಯೋ ಶಿವನೇ, ಇದೇನ್ರೀ!” ಎಂದು ಮೇಲೆ ಯಾರೋ ಅಂದರು.

“ಅವ್ವ, ಸಾಕು, ಮೇಲಕ್ಕೆ ಬಾ!” ಶಿವಕುಮಾರನ ದನಿ ಒಡೆದಿತ್ತು.

“ಅಯ್ನೋರೆ, ಒಸಿ ತಡೀರಿ,” ಎಂದಳು ಸಿದ್ದಲಿಂಗಮ್ಮ, ತಲೆಯೆತ್ತದೆ. “ಒಂದು ಕೆಲ್ಸ ಬಾಕಿ ಅದೆ.”

ಚನ್ನಬಸವಯ್ಯನವರು ವಿಭೂತಿಯ ತಟ್ಟೆಯನ್ನು ಕೆಳಗಿಟ್ಟರು. ಸಿದ್ದಲಿಂಗಮ್ಮ ಸೊಂಟದಿಂದ ಬಾಚಣಿಗೆ ತೆಗೆದು ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲೇರಿದಳು. ನೋವಾದೀತೆಂಬಂತೆ ಬುಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಕೂದಲನ್ನು ಮೂರು ಕಾಲಾಗಿ ಸೀಳಿದಳು. ಮೇಲಿನಿಂದ ತೇಜಸ್ವಿನಿ ಪೊಟ್ಟಣ ಬಿಚ್ಚಿ, ಪೋಣಿಸಿ ತಂದಿದ್ದ ಮಲ್ಲಿಗೆ ಮೊಗ್ಗಿನ ಸರ ಇಳಿಬಿಟ್ಟಳು. ಕಾಯುತ್ತ ಕಾಯುತ್ತ ಮೊಗ್ಗುಗಳು ಬಾಯಿ ಬಿಡತೊಡಗಿದ್ದವು.

ಜಡೆ ಮುಗಿಯಿತು. ತುದಿಗೆ, ಪೊಟ್ಟಣದಲ್ಲೇ ಇದ್ದ ಕಪ್ಪು ಕುಚ್ಚು ಕಟ್ಟಿದಳು. ಬೆನ್ನಿಗೆ ಕನ್ನಡಿಯಿರಲಿಲ್ಲ, ಮಣ್ಣಿನ ಗೋಡೆಯಿತ್ತು. ಅದಕ್ಕೇ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ತಂದು, ಶಾಲಿನ ಮೇಲೆ ಉದ್ದಕ್ಕೆ ಇಳಿಬಿಟ್ಟು, ಮುಖವೂ ಜಡೆಯೂ ಒಟ್ಟಿಗೆ ಕಾಣುತ್ತವೆಯೇ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು.