ನೀಲಿ ಗೆರೆ ಏರಿದ ವರ್ಷ

ನಮ್ಮ ಯಜಮಾನರಿಗೆ ಎರಡು ಗೆರೆಗಳ ಹುಚ್ಚು. ಹೆಸರು ಕಾಂತರಾಜು, ಹೊಳೆನರಸೀಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ನಮ್ಮ ದೇಶದ ಕಂಪನಿಗಳು ಹೊರದೇಶಗಳಲ್ಲಿ ಎಷ್ಟು ಬಂಡವಾಳ ಹೂಡಿವೆ, ಚೀನಾದವರು ಎಷ್ಟು ಹೂಡಿದ್ದಾರೆ, ಎರಡು ಸಾವಿರನೇ ಇಸವಿಯಿಂದ ಈಚೆಗೆ ಯಾರದು ಹೇಗೆ ಏರಿತು, ಹೇಗೆ ಇಳಿಯಿತು ಅನ್ನುವುದು ಅವರ ಪ್ರಬಂಧ. ಮೈಸೂರಿನ ವಿಚಾರಸಂಕಿರಣದಲ್ಲಿ ಓದಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಚೀನಾದ್ದು ಕೆಂಪು ಗೆರೆ, ನಮ್ಮದು ನೀಲಿ. ನಾನು ರೊಟ್ಟಿ ತಟ್ಟುವಾಗಲೂ ಬಿಡದೆ ಅದನ್ನು ಅಡುಗೆಮನೆಗೇ ಹೊತ್ತು ತರುತ್ತಿದ್ದರು.

"ನೋಡೇ ತೇಜಾ, ಕೆಂಪುದು ಎಲ್ಲಿಗೋ ಹತ್ತಿ ಈಚೆಗೆ ಇಳೀತು. ನಮ್ದು ಒಂದ್ಸಲ ಎದ್ದು, ಮಲಗಿ, ಈಗ ಮತ್ತೆ ಏಳ್ತಾ ಇದೆ."

"ನಮ್ ದುಡ್ಡು ಆಚೆಗೋದ್ರೆ ನಿಮಗ್ಯಾಕ್ರೀ ಇಷ್ಟು ಖುಷಿ?"

"ಬೇರೆಯವ್ರು ಬಂದು ಫ್ಯಾಕ್ಟ್ರಿ ಹಾಕ್ಲಿ ಅಂತ ಕಾಯ್ತಿದ್ದೋರು ಕಣೇ ನಾವು. ಈಗ ನಾವೇ ಹೋಗಿ ಹಾಕ್ತಾ ಇದೀವಿ. ದೊಡ್ಡಸ್ತಿಕೆ ಅಲ್ವಾ?"

ಇರಬಹುದು ಅಂದುಕೊಂಡೆ. ಕ್ರಿಕೆಟ್ ನೋಡುವವರ ಹಾಗೆ ನಾನೂ ನೀಲಿಯ ಕಡೆ ಸೇರಿಬಿಟ್ಟೆ.

ನನ್ನ ಕೆಲಸ ಹಾಸನದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ. ಹೊಸದಾಗಿ ಸೇರಿದವರಿಗೆ ಶರ್ಟು ಹೊಲಿಯುವುದನ್ನು ಕಲಿಸುತ್ತಿದ್ದೆ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದೆಲ್ಲ ಹೆಂಗಸರು ಕಂಪನಿ ಬಸ್ಸಿನಲ್ಲಿ ಬರುತ್ತಿದ್ದರು. ಹಳ್ಳಿಮೈಸೂರಿನ ದೀಪಶ್ರೀ ನನ್ನ ಕೈಯಲ್ಲೇ ಪಳಗಿದವಳು. ಅವಳ ಸಂಬಳದಲ್ಲೇ ಮಗಳು ಪ್ರತಿಭಾ ನರ್ಸಿಂಗ್ ಓದುತ್ತಿದ್ದಳು.

ಆ ವರ್ಷ ಅಮೆರಿಕದವರು ನಮ್ಮ ಬಟ್ಟೆಯ ಮೇಲೆ ಸುಂಕ ಏರಿಸಿದರು, ನಮಗೆ ಆರ್ಡರ್ ಕಡಿಮೆಯಾಯಿತು. ಕೆಲಸ ಉಳಿಯುತ್ತದೋ ಇಲ್ಲವೋ ಅನ್ನುವ ಅಂಜಿಕೆ ಎಲ್ಲರಿಗೂ. ಆಗಲೇ ಮ್ಯಾನೇಜರ್ ನಟರಾಜ ನನ್ನನ್ನು ಕರೆದು, ಕೀನ್ಯಾದಿಂದ ಕೆಲವು ಹೆಣ್ಣುಮಕ್ಕಳು ತರಬೇತಿಗೆ ಬರುತ್ತಾರೆ ಅಂದ.

"ಚೆನ್ನಾಗಿ ಕಲಿಸಿ ಮೇಡಂ. ಕಂಪನಿ ಅಲ್ಲೂ ಫ್ಯಾಕ್ಟ್ರಿ ಹಾಕ್ತಾ ಇದೆ. ಅಲ್ಲಿ ಬೆಳೆದ್ರೆ ಇಲ್ಲೂ ಇನ್ನೊಂದು ಸಾಲು ಮೆಷಿನ್ ಬಂದು ಹೊಸ ಲೈನು ಶುರುವಾಗುತ್ತೆ. ನಿಮ್ಮೋರ ಕೆಲಸಕ್ಕೆ ನಾನು ಗ್ಯಾರಂಟಿ."

ಇನ್ನೇನು ಬೇಕು? ಮೈಮುರಿದು ಕಲಿಸಿದೆ. ಬಂದವರಲ್ಲಿ ವಾಂಜಿರು ಅನ್ನುವವಳು ಬಲು ಚುರುಕು. ನನ್ನನ್ನು ಟೀಚರ್ ಅನ್ನುತ್ತಿದ್ದಳು. ದೀಪಶ್ರೀಯ ಡಬ್ಬಿಯಲ್ಲಿ ಮುದ್ದೆ ಕಂಡು ಬಿದ್ದುಬಿದ್ದು ನಕ್ಕಳು. ಅವರೂರಲ್ಲಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಇಂಥದ್ದೇ ಮಾಡುತ್ತಾರಂತೆ. ಆಮೇಲೆ ದೀಪಶ್ರೀ ದಿನಾ ಅವಳಿಗೂ ಒಂದು ಮುದ್ದೆ ಹೆಚ್ಚಿಗೆ ತರುತ್ತಿದ್ದಳು.

ಅವರು ಹೊರಡುವ ದಿನ ನಮ್ಮ ಹೆಂಗಸರು ಸುಮ್ಮನೆ ಕಳಿಸಲು ಒಪ್ಪಲಿಲ್ಲ. ತವರಿನಿಂದ ಮಗಳನ್ನು ಬರಿಗೈಯಲ್ಲಿ ಕಳಿಸುತ್ತಾರೆಯೇ? ಊಟದ ಕೋಣೆಯಲ್ಲಿ ಸಾಲಾಗಿ ಕೂರಿಸಿ, ಕುಂಕುಮ ಇಟ್ಟು, ಬಳೆ ತೊಡಿಸಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಹಾಕಿ ಮಡಿಲು ತುಂಬಿದರು. ದೀಪಶ್ರೀ ವಾಂಜಿರುವಿನ ಗಲ್ಲ ಹಿಡಿದು, "ನೀನ್ ವೋದ್ ಕಡೆ ಕೆಲ್ಸ ತುಂಬಿ ತುಳುಕ್ಲಿ ಕಣವ್ವಾ" ಅಂದಳು. ಮಾತು ತಿಳಿಯದೆಯೂ ಆ ಹುಡುಗಿ ಅತ್ತಳು. ನಾವೂ ಅತ್ತೆವು.

ಹಾರೈಕೆ ಫಲಿಸಿತು. ಮುಂದಿನ ತಿಂಗಳೇ ಹಾಸನದ ಫ್ಯಾಕ್ಟರಿ ಮುಚ್ಚುತ್ತೇವೆ ಅಂತ ಗೇಟಿಗೆ ನೋಟಿಸು ಅಂಟಿಸಿದರು. ಯಂತ್ರಗಳನ್ನು ಬಿಚ್ಚಿ, ಸುಂಕ ಕಡಿಮೆ ಇರುವ ಕೀನ್ಯಾಕ್ಕೆ ಹಡಗಿನಲ್ಲಿ ಕಳಿಸುತ್ತಾರಂತೆ. ನಟರಾಜನ ಫೋನ್ ಸ್ವಿಚ್ ಆಫ್. ಹೆಂಗಸರು ಗೇಟಿನ ಮುಂದೆ ಕೂತು ಕೂಗಿದರು, ಸಂಜೆ ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಹೋದರು. ಕೂಗಿಸಿಕೊಳ್ಳಲಿಕ್ಕಾದರೂ ಒಳಗೆ ಒಬ್ಬರು ಇರಬೇಡವೇ? ವಾಚ್‌ಮನ್ ರಾಮಣ್ಣನಿಗೂ ಅದೇ ನೋಟಿಸು.

ಮನೆಗೆ ಬಂದು ಯಜಮಾನರನ್ನು ಹಿಡಿದುಕೊಂಡೆ. "ನಿಮ್ಮ ಗೆರೇಲಿ ನಾವೆಲ್ಲಿದೀವಿ, ತೋರಿಸ್ರೀ."

ಅವರು ಪರದೆಯ ಮೇಲೆ ಗೆರೆಯ ತುದಿಗೆ ಬೆರಳಿಟ್ಟರು. "ನೀಲಿ ಏರ್ತಾ ಇದೆಯಲ್ಲ, ಅದ್ರೊಳಗೇ ಇದೀರ ಕಣೇ" ಅಂದರು.

"ಏನಾದ್ರೂ ಮಾಡ್ರೀ."

"ನಾನೇನ್ ಮಾಡ್ಲೇ? ನಾನು ಬರೆದಿಟ್ಕೋಬಹುದು, ಅಷ್ಟೇ."

ಅವರ ಮೇಲೆ ರೇಗಿ ಪ್ರಯೋಜನವಿರಲಿಲ್ಲ, ಆದರೂ ರೇಗಿದೆ. ಅವರು ಮೈಸೂರಿಗೆ ಹೋಗಿ ಪ್ರಬಂಧ ಓದಿ ಬಂದರು. ಚಪ್ಪಾಳೆ ಬಂತು ಅಂದರು. ಊಟ ಮಾಡದೆ ಮಲಗಿದರು.

ಮೊನ್ನೆ ಮಧ್ಯಾಹ್ನ ದೀಪಶ್ರೀ ನಮ್ಮನೆಗೆ ಬಂದಿದ್ದಳು, ಎಲ್ಲಾದರೂ ಕೆಲಸ ಕೊಡಿಸಿ ಅಂತ. ಪ್ರತಿಭಾ ಓದು ಬಿಟ್ಟು ಬಟ್ಟೆ ಅಂಗಡಿ ಸೇರಿದ್ದಾಳಂತೆ. ಕಾಫಿ ಬಗ್ಗಿಸುತ್ತಿದ್ದೆ, ಫೋನ್ ಬಡಿದುಕೊಂಡಿತು. ವಿಡಿಯೊ ಕಾಲ್, ವಾಂಜಿರು. ಹಿಂದೆ ಸಾಲಾಗಿ ಕೂತ ಹೆಂಗಸರು. ಅವಳ ಮುಖ ಬಾಡಿತ್ತು. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದಳು: ಕಾಲರಿನ ಮೂಲೆ ಚೂಪಾಗಿ ಬರುತ್ತಿಲ್ಲ, ಮಾಲು ವಾಪಸ್ ಬಂದಿದೆ, ಇವತ್ತು ಸರಿಹೋಗದಿದ್ದರೆ ನನ್ನ ಲೈನಿನವರನ್ನೆಲ್ಲ ಮನೆಗೆ ಕಳಿಸುತ್ತಾರೆ ಟೀಚರ್.

ನಾನು ಕನ್ನಡದಲ್ಲಿ ತಿಳಿಸಿದ ಕೂಡಲೇ, "ಏಳ್ಕೊಡ್ಬ್ಯಾಡಿ ಕಣಕ್ಕಾ" ಅಂದಳು ದೀಪಶ್ರೀ. "ಕೆಟ್ಟೋಗ್ಲಿ. ಅಲ್ ಕೆಟ್ರೆ ಇಲ್ಗೇ ವಾಪಸ್ ಬತ್ತದೆ."

ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಅಲ್ಲಿ ಕೆಟ್ಟರೆ ಇನ್ನೊಂದು ದೇಶಕ್ಕೆ ಹೋಗುತ್ತದೆ. ಆದರೂ ಸಿಟ್ಟು ಬಂತು. ಸಿಟ್ಟು ಆ ಹುಡುಗಿಯ ಮೇಲಲ್ಲ, ಆದರೆ ಕಣ್ಣಿಗೆ ಕಾಣುತ್ತಿದ್ದವಳು ಅವಳೊಬ್ಬಳೇ. ಫೋನ್ ಕಟ್ ಮಾಡಲು ಹೋದೆ.

ಆ ಕಡೆ ಯಾರೋ ಗದರಿದರು. ವಾಂಜಿರು ಬೆಚ್ಚಿ ತಲೆ ತಗ್ಗಿಸಿದಳು. ನಮ್ಮ ಲೈನಿನಲ್ಲಿ ನಾವು ತಗ್ಗಿಸುತ್ತಿದ್ದದ್ದೂ ಹಾಗೆಯೇ.

"ಇತ್ತಗ್ ಕೊಡಿ" ಅಂತ ದೀಪಶ್ರೀ ಫೋನ್ ಕಿತ್ತುಕೊಂಡು ಕಾಫಿಪುಡಿ ಡಬ್ಬಿಗೆ ಒರಗಿಸಿದಳು. ತನ್ನ ಸೆರಗಿನ ತುದಿಯನ್ನೇ ಕಾಲರಿನ ಹಾಗೆ ಮಡಚಿ, ಮೂಲೆಯ ಹೆಚ್ಚಿನ ಬಟ್ಟೆ ಎಲ್ಲಿ ಕತ್ತರಿಸಬೇಕು, ಒಳಗೆ ದಾರ ಹೇಗಿಡಬೇಕು, ಮಗುಚಿದ ಮೇಲೆ ಅದನ್ನು ಹೇಗೆ ಎಳೆಯಬೇಕು ಅಂತ ಬೆರಳಲ್ಲೇ ತೋರಿಸಿದಳು. "ಮೆತ್ತಗ್ ಎಳಿ ಕಣವ್ವಾ, ಅರ್ದೋಯ್ತದೆ" ಅಂತ ಕನ್ನಡದಲ್ಲೇ ಗದರಿಸಿದಳು.

ಸ್ವಲ್ಪ ಹೊತ್ತಿಗೆ ವಾಂಜಿರು ಒಂದು ಕಾಲರನ್ನು ಕ್ಯಾಮೆರಾಕ್ಕೆ ಹಿಡಿದಳು. ಮೂಲೆ ಸೂಜಿಯ ಹಾಗೆ ಬಂದಿತ್ತು. ಹಿಂದಿನ ಹೆಂಗಸರು ಕೇಕೆ ಹಾಕಿದರು, ಕಾಲ್ ಕಟ್ಟಾಯಿತು.

"ಅವ್ರ ಕೆಲ್ಸ ಉಳ್ಕಂತಲ್ವಾ ಅಕ್ಕಾ?"

"ಉಳೀತು."

"ಅಂಗಾರೆ ಇನ್ನ ನಮ್ದು ಬರಾಕಿಲ್ಲ ಬುಡಿ" ಅಂದು ದೀಪಶ್ರೀ ಅಳತೊಡಗಿದಳು.